ಹೆಣದ ಪಾತ್ರ

"ಎಡಗೈ ಇನ್ನೂ ಸ್ವಲ್ಪ ಮೇಜಿನ ಕಡೆ ಚಾಚು," ಎಂದ ಕಾದಂಬರಿಕಾರ, ಬಾಗಿಲಲ್ಲಿ ನಿಂತು. ನೆಲದ ಮೇಲೆ ಅಂಗಾತ ಬಿದ್ದಿದ್ದ ಅವನ ಹೆಂಡತಿ ಕಣ್ಣು ತೆರೆಯದೆಯೇ ಕೈ ಚಾಚಿದಳು.

"ಸತ್ತ ಮೇಲೂ ಕೆಲಸ ಹೇಳೋದು ಬಿಡಲ್ವಲ್ಲ ನೀವು."

ಅವನು ನಗಲಿಲ್ಲ. ಪತ್ತೇದಾರಿ ಕಾದಂಬರಿ ಬರೆಯತೊಡಗಿದಂದಿನಿಂದ ಅವನ ಪದ್ಧತಿಯೇ ಇದು. ಕಣ್ಣಾರೆ ಕಾಣದ ಹೆಣವನ್ನು ಕಾಗದದ ಮೇಲೆ ಮಲಗಿಸುವವನಲ್ಲ. ಬಾಗಿಲಿನಿಂದ ಮೊದಲು ಮುಖ ಕಾಣುತ್ತದೋ ಪಾದವೋ, ಕಿಟಕಿಯ ಬೆಳಕು ಎಲ್ಲಿಯವರೆಗೆ ಬರುತ್ತದೆ, ಎಲ್ಲ ನೋಡಬೇಕು. ಹೀಗಾಗಿ ಪ್ರತಿ ಕಾದಂಬರಿಯಲ್ಲೂ ಸಾಯುವ ಪಾಳಿ ಅವಳದೇ. ಗುಂಡೇಟು ತಿಂದು ಸೋಫಾದ ಮೇಲೆ ಒರಗಿದ್ದಾಳೆ, ವಿಷ ಕುಡಿದು ಊಟದ ಮೇಜಿನ ಕೆಳಗೆ ಮುದುಡಿದ್ದಾಳೆ. ಒಮ್ಮೆ ಬಟ್ಟೆಯ ಬೀರುವಿನೊಳಗೆ ಹೆಣವಾಗಿ ಕೂತಿದ್ದಾಗ ಸೀನು ಬಂದು ಒಂದು ಒಳ್ಳೆಯ ಅಧ್ಯಾಯ ಹಾಳಾಗಿತ್ತು.

ಈ ಸಲ ಹೆಣದ್ದೇನೂ ತಪ್ಪಿರಲಿಲ್ಲ. ಮೊದಲ ಅಧ್ಯಾಯ ಓದಿದ ಪ್ರಕಾಶಕ ಬೆಳಿಗ್ಗೆ ಫೋನಿನಲ್ಲಿ ಯಾವ ಮುಲಾಜೂ ಇಟ್ಟುಕೊಳ್ಳದೆ ಹೇಳಿದ್ದ: ಹೆಂಡತಿ ಕೋಣೆಗೆ ಬರುತ್ತಾಳೆ, ಗಂಡ ಸತ್ತು ಬಿದ್ದಿರುವುದನ್ನು ನೋಡುತ್ತಾಳೆ, ಕಿಟಾರನೆ ಕಿರುಚುತ್ತಾಳೆ, ಕೈಯಲ್ಲಿನ ಲೋಟ ಬೀಳುತ್ತದೆ. ಇದೇ ಲೋಟ ಹಿಂದಿನ ಕಾದಂಬರಿಯಲ್ಲೂ ಬಿದ್ದಿತ್ತು, ಅದರ ಹಿಂದಿನದರಲ್ಲೂ. ಭಯ ಹಾಗಿರಲಿ, ತನಗೆ ಆಕಳಿಕೆ ಬಂತು. ಈ ಒಂದು ದೃಶ್ಯ ಓದುವವನ ಎದೆ ನಡುಗಿಸದಿದ್ದರೆ ಪುಸ್ತಕ ತನಗೆ ಬೇಡ, ಬೇರೆ ಯಾರಿಗಾದರೂ ಕೊಟ್ಟುಕೊಳ್ಳಬಹುದು. ಬೇರೆ ಯಾರೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

"ಅಲ್ಲ ರೀ," ಹೆಂಡತಿ ಒಂದು ಕಣ್ಣು ತೆರೆದಳು, "ಕಥೇಲಿ ಸತ್ತಿರೋದು ಗಂಡ. ಮತ್ತೆ ನಾನ್ಯಾಕೆ ಇಲ್ಲಿ ಬಿದ್ದಿದೀನಿ?"

ಅವನು ತನ್ನ ಎಂದಿನ ಪಾಠ ಒಪ್ಪಿಸಿದ. ಭಯ ಇರುವುದು ಬಿದ್ದವನಲ್ಲಿ ಅಲ್ಲ, ನೋಡುವವನ ಕಣ್ಣಲ್ಲಿ. ಬರೆಯುವವನು ನಿಲ್ಲಬೇಕಾದದ್ದು ಅಲ್ಲಿ. ಗೊತ್ತಾಗಬೇಕಾದದ್ದನ್ನು ಎಷ್ಟು ಹೊತ್ತು ತಡೆದು ಹಿಡಿಯುತ್ತೇವೋ ಅಷ್ಟೇ ಈ ಕಸುಬು. ಅವಳು ಹೂಂಗುಟ್ಟುತ್ತ ಕೇಳಿಸಿಕೊಂಡಳು. ಅವನು ಹೇಳದೆ ಬಿಟ್ಟ ಮಾತೊಂದಿತ್ತು, ಅದೂ ಅವಳಿಗೆ ಗೊತ್ತಿತ್ತು. ಹೋದ ವರ್ಷ ಹೃದಯ ಕೈಕೊಟ್ಟು ಅವನು ನಿಜವಾಗಿಯೇ ಬಿದ್ದದ್ದು ಇದೇ ಜಾಗದಲ್ಲಿ. ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ನಡುವೆ ಏನಾಯಿತೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅಂದಿನಿಂದ ಆ ನೆಲವನ್ನು ತುಳಿಯದೆ ಅವನು ಸುತ್ತಿ ಬಳಸಿಯೇ ಓಡಾಡುತ್ತಿದ್ದ.

ಹೆಂಡತಿ ಎದ್ದು ಬೆನ್ನು ಕೊಡವಿಕೊಂಡಳು. "ನೀವು ಮಲಗಿ. ನಾನು ಬರ್ತೀನಿ."

"ನಟನೆ ಎಲ್ಲಿ ಬರುತ್ತೆ ನಿಂಗೆ?"

"ಇಷ್ಟು ವರ್ಷ ಹೆಣವಾಗಿ ಮತ್ತೇನು ಮಾಡ್ತಿದ್ದೆ?"

ಅವನು ಮಲಗಿದ. ಪೆನ್ನು, ಹಾಳೆ ಕೈಗೆಟಕುವಂತೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಹೊರಗಿನಿಂದ ಹೆಜ್ಜೆ ಸಪ್ಪಳ ಬಂತು. ಬಾಗಿಲಲ್ಲಿ ನಿಂತಿತು. ಅವನು ಕಿರುಚಾಟಕ್ಕೆ ಕಾದ. ಕಿರುಚಾಟವೂ ಬರಲಿಲ್ಲ, ಹೆಜ್ಜೆಯೂ ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ಟಕ್ಕೆಂದು ಒಂದು ಸದ್ದು, ಅಷ್ಟೇ.

"ಏನೇ ಅದು?"

"ಫ್ಯಾನ್ ಆರಿಸಿದೆ."

"ಯಾಕೆ?"

"ಅವತ್ತೂ ಆರಿಸಿದ್ದೆ. ನಿಮ್ಮ ಉಸಿರು ಕೇಳುತ್ತೇನೋ ಅಂತ."

ಕಾದಂಬರಿಕಾರನ ಕೈ ತಾನಾಗಿಯೇ ಪೆನ್ನಿನತ್ತ ಸರಿಯಿತು. ಇಷ್ಟು ಪುಸ್ತಕ ಬರೆದರೂ ಇಂಥದ್ದೊಂದು ತನಗೆ ಹೊಳೆದಿರಲಿಲ್ಲವಲ್ಲ! ಮರುಕ್ಷಣವೇ ಕಸುಬಿನವನ ಅನುಮಾನ ತಲೆಯೆತ್ತಿತು. ಓದುಗ ಇಲ್ಲೇ ತಪ್ಪು ಹಿಡಿಯುತ್ತಾನೆ.

"ನಾಲ್ಕು ಹೆಜ್ಜೆ ಹತ್ತಿರ ಬಂದು ಮುಟ್ಟಿ ನೋಡಬಹುದಿತ್ತಲ್ಲ?"

"ಮುಟ್ಟಿದ್ರೆ ಗೊತ್ತಾಗಿಬಿಡ್ತಿತ್ತಲ್ಲ ರೀ," ಎಂದಳು ಅವಳು.

ಆ ದನಿಯಲ್ಲಿ ನಟನೆ ಇರಲಿಲ್ಲ. ಅವನು ಕಣ್ಣು ತೆರೆದ. ಅವಳು ಹೊಸ್ತಿಲು ದಾಟಿರಲಿಲ್ಲ. ಬೆರಳು ಸ್ವಿಚ್ಚಿನ ಮೇಲೇ ಇತ್ತು. ಕತ್ತು ಕೊಂಚ ವಾಲಿಸಿ, ಕಿವಿಗೊಟ್ಟು ನಿಂತಿದ್ದಳು. ನೋಡುತ್ತಿದ್ದದ್ದು ಅವನನ್ನಲ್ಲ, ಫ್ಯಾನನ್ನು. ಹಳೆಯ ಫ್ಯಾನು. ಆರಿಸಿದ ಮೇಲೂ ಸುಮ್ಮನಾಗಲು ಮನಸ್ಸಿಲ್ಲದಂತೆ ಕಿರುಗುಡುತ್ತ ಸುತ್ತುತ್ತಿತ್ತು. ರೆಕ್ಕೆಗಳು ಈಗಷ್ಟೇ ಬೇರೆ ಬೇರೆಯಾಗಿ ಕಾಣತೊಡಗಿದ್ದವು.

ಸಾಕು, ಸೊಗಸಾಗಿ ಬಂತು, ಮರೆಯುವ ಮೊದಲು ಬರೆದುಕೊಳ್ಳುತ್ತೇನೆ ಎನ್ನುತ್ತ ಅವನು ಮೊಣಕೈ ಊರಿದ.

"ಏಳಬೇಡಿ," ಎಂದಳು ಅವಳು, ಕಣ್ಣು ಕೆಳಗಿಳಿಸದೆ. "ಇನ್ನೂ ನಿಂತಿಲ್ಲ."

ಅವನು ಪೆನ್ನು ಬಿಟ್ಟು ಮತ್ತೆ ಅಂಗಾತ ಮಲಗಿದ. ಆಮೇಲೆ, ಆ ಕಿರುಗುಟ್ಟುವಿಕೆಯನ್ನೂ ಮೀರಿ ಬಾಗಿಲವರೆಗೆ ಕೇಳಿಸಲೆಂದು, ಜೋರಾಗಿ ಉಸಿರಾಡತೊಡಗಿದ.