ಅಪ್ಪಟ ಪ್ರೋಟೀನ್

ಔಷಧ ಕಂಪನಿಯ ಮೇಡಂ ಬರುವ ಹೊತ್ತಿಗೆ ಪ್ರೊಫೆಸರ್ ಪ್ರಯೋಗಾಲಯದ ಯಂತ್ರದ ಪಕ್ಕ ಮದುವಣಿಗನಂತೆ ನಿಂತಿದ್ದರು. ಶಿಷ್ಯೆ ಶಶಿರೇಖಾ ಬೆಳಗ್ಗೆಯಿಂದ ಪತ್ತೆಯೇ ಇರಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು ಅವರಿಗೆ. ಅವರು ತಯಾರಿಸಿದ ಪ್ರೋಟೀನನ್ನು ಅವಳು ಪರೀಕ್ಷೆಗೆ ಹಾಕಿದಾಗಲೆಲ್ಲ ಪರದೆಯ ಮೇಲೆ ಮೂರು ಗುಡ್ಡ ಏಳುತ್ತಿದ್ದವು. ಅಂದರೆ ಕಲಬೆರಕೆ. "ಪ್ರೋಟೀನ್ ಸರಿಯಾಗೇ ಇದೆ, ನಿನ್ನ ಕೈ ಸರಿಯಿಲ್ಲ" ಎಂದು ನಿನ್ನೆಯೂ ಬೈದಿದ್ದರು. ಇವತ್ತು ತಾವೇ ಸಿರಿಂಜ್ ಹಿಡಿದು ದ್ರವವನ್ನು ಯಂತ್ರದೊಳಕ್ಕೆ ಬಿಟ್ಟರು.

"ಇದರೊಳಗೆ ಒಂದು ಉಕ್ಕಿನ ಕೊಳವೆ ಇದೆ ಮೇಡಂ, ಕಾಲಂ ಅಂತೀವಿ" ಎಂದು ಯಂತ್ರದ ಮುಚ್ಚಿದ ಬಾಗಿಲನ್ನು ಪ್ರೀತಿಯಿಂದ ತಟ್ಟಿದರು. "ಅದರ ತುಂಬಾ ನಾನೇ ಮಾಡಿದ ಪಾಲಿಮರ್ ಮಣಿಗಳು, ಮೈಯೆಲ್ಲಾ ಸಣ್ಣ ಸಣ್ಣ ತೂತು. ಬೆರೆತಿರೋ ಪ್ರೋಟೀನು ಅದನ್ನ ದಾಟಿ ಬರೋವಾಗ ಬೇರೆ ಬೇರೆ ಆಗುತ್ತೆ, ಒಂದೊಂದಕ್ಕೂ ಒಂದೊಂದು ಗುಡ್ಡ. ಕಾಲಂ ಇಲ್ದಿದ್ರೆ ಎಲ್ಲಾ ಒಟ್ಟಿಗೇ ನುಗ್ಗಿ ಬಂದ್ಬಿಡುತ್ತೆ."

ಪರದೆಯ ಮೇಲೆ ಒಂದೇ ಒಂದು ಗುಡ್ಡ ಎದ್ದಿತು, ಗೋಪುರದಂತೆ ನೆಟ್ಟಗೆ.

"ಅಪ್ಪಟ!" ಎಂದರು ಮೇಡಂ. "ಒಪ್ಪಂದಕ್ಕೆ ಇವತ್ತೇ ಸಹಿ ಹಾಕೋಣ ಸರ್."

"ನನ್ನ ಕಾಲಂ ಕಣ್ಣಿಗೆ ಮಣ್ಣೆರಚೋದು ಸಾಧ್ಯವೇ ಇಲ್ಲ ಮೇಡಂ" ಎಂದು ಪ್ರೊಫೆಸರ್ ಪೆನ್ನು ತೆಗೆದರು.

ಅಷ್ಟರಲ್ಲಿ ಶಶಿರೇಖಾ ಉಕ್ಕಿನ ಕೊಳವೆಯೊಂದನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಒಳಗೆ ಬಂದಳು.

"ಲೇಟಾಯ್ತು ಸರ್, ಸಾರಿ. ಕಾಲಂಗೆ ಹೊಸ ಮಣಿ ತುಂಬಿಸ್ಕೊಂಡು ಬಂದೆ. ಈಗ ಮಷೀನಿಗೆ ಹಾಕ್ಲಾ?"