ಹನ್ನೊಂದರ ಎದೆ

ಎದೆಬಡಿತ ಯಾವ ತಾಳದ್ದೆಂದು ಚೀಟಿ ಬರೆಯದೆ ಕೂಸನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವುದುಂಟೆ? ತಾಳ ತಿಳಿಯದೆ ತಟ್ಟಿದರೆ ಯಾವ ಕೂಸೂ ಮಲಗುವುದಿಲ್ಲ. ಊರಿನ ದೊಡ್ಡಾಸ್ಪತ್ರೆಯಲ್ಲಿ ಆ ಕೆಲಸ ವಾರಿಜಮ್ಮನದು. ಪುಟ್ಟ ಎದೆಗೆ ಕಿವಿಯಿಟ್ಟು, ಬೆರಳು ಮಡಿಸಿ ಎಣಿಸಿ, ಮೂರೋ ನಾಲ್ಕೋ ಬರೆದುಕೊಡುತ್ತಿದ್ದಳು. ಅಪರೂಪಕ್ಕೆ ಐದು, ಏಳು ಬರುತ್ತಿದ್ದವು. ಅವಳ ಎದೆ ಮಾತ್ರ ಹನ್ನೊಂದರದು. ಹೆತ್ತ ತಾಯಿಗೂ ಅವಳನ್ನು ಸರಿಯಾಗಿ ತಟ್ಟಿ ಮಲಗಿಸಲು ಬಂದಿರಲಿಲ್ಲ.

ಮಂಗಳಗೌರಿಯ ಮಗು ಮೂರು ದಿನದಿಂದ ವಾರಿಜಮ್ಮನನ್ನು ಸತಾಯಿಸುತ್ತಿತ್ತು. ಮೊನ್ನೆ ಎಣಿಸಿದಾಗ ಏಳು, ನಿನ್ನೆ ಐದು, ಇವತ್ತು ನೋಡಿದರೆ ಮೂರು!

"ನಿನ್ನೆ ನಾನು ಬರೋ ಮುಂಚೆ ಮಗು ಯಾರ ಹತ್ರ ಇತ್ತಮ್ಮ?"

"ಅವರಪ್ಪ ಎತ್ಕೊಂಡಿದ್ರು ಅಕ್ಕ. ಅವರದು ಐದು."

"ಮೊನ್ನೆ?"

"ನಮ್ಮತ್ತೆ. ಅವರದು ಏಳು." ಮಂಗಳಗೌರಿ ತಡೆದು ತಡೆದು ಹೇಳಿದಳು, "ಇವತ್ತು ನನ್ ಹತ್ರಾನೇ ಇತ್ತು. ನಂದು ಮೂರು."

ಎತ್ತಿಕೊಂಡವರ ತಾಳ ಹಿಡಿಯುವ ಕೂಸನ್ನು ವಾರಿಜಮ್ಮ ಕಂಡೇ ಇರಲಿಲ್ಲ. "ಎಲ್ಲಿ, ಕೊಡು ಇಲ್ಲಿ," ಎಂದು ಎದೆಗೊರಗಿಸಿಕೊಂಡಳು. ಕೂಸು ಕೊಸರಾಡಿತು, ಕಿರುಚಿತು, ಆಮೇಲೆ ಕಿವಿಗೊಟ್ಟಂತೆ ಸುಮ್ಮನಾಯಿತು. ಅದರ ಬೆನ್ನ ಮೇಲೆ ಅಂಗೈ ಇಟ್ಟು ಎಣಿಸಿದಳು. ನಾಲ್ಕು, ನಾಲ್ಕು, ಮೂರು. ಮತ್ತೆ ನಾಲ್ಕು, ನಾಲ್ಕು, ಮೂರು. ಐವತ್ತು ವರ್ಷದಲ್ಲಿ ಮೊದಲ ಸಲ ಇನ್ನೊಂದು ಎದೆ ಅವಳ ಜೊತೆ ಸಮಕ್ಕೆ ಬಂದು ನಿಂತಿತ್ತು.

"ಎಷ್ಟು ಬಂತಕ್ಕ?"

"ಇರಮ್ಮ, ಇನ್ನೊಂದು ಸಲ ಎಣಿಸ್ತೀನಿ," ಎಂದು ವಾರಿಜಮ್ಮ ಕಣ್ಣು ಮುಚ್ಚಿಕೊಂಡಳು.