ಪುಕ್ಕಟೆ ಉಪ್ಪು

ಕರಿಬಸಪ್ಪ ತಟ್ಟೆಯನ್ನು ಎರಡೂ ಕೈಯಿಂದ ದೂರ ತಳ್ಳಿದ. ಸಾರು ತುಳುಕಿ ಮೇಜಿನ ಬಿಳಿ ಹಾಸಿನ ಮೇಲೆ ಚೆಲ್ಲಿತು.

"ಒಯ್ಯೋ ಇದನ್ನ," ಎಂದ.

ಬಡಿಸುವವನಿಗೆ ಕೊಂಕಣಿ ಬಿಟ್ಟರೆ ಬೇರೆ ಭಾಷೆ ಬಾರದು. ಸಿಟ್ಟಿಗೆ ಭಾಷೆ ಬೇಕಾಗಿಲ್ಲ. ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಪಕ್ಕದ ಕುರ್ಚಿಯಲ್ಲಿದ್ದ ಶೇಖಪ್ಪ ಸಮಾಧಾನ ಹೇಳಲು ಬಂದ. "ಅಜ್ಜಾರ, ಮೀನ ಬೇಯಿಸಿದ ಪಾತ್ರೆ ಸುದ್ದಾ ಮುಟ್ಟಿಸಿಲ್ರಿ. ಚಾ, ತಿಂಡಿ, ಎರಡೂ ಹೊತ್ತಿನ ಊಟ, ದೋಣ್ಯಾಗ ತಿರಗೂದು, ಇಲ್ಲಿ ಕೇಳಿದ್ದೆಲ್ಲಾ ಪುಕ್ಕಟ. ಎಲ್ಲಾ ಸಾಹುಕಾರ್ರ ಕಡಿಂದ."

"ಸಾರಿಗೆ ಉಪ್ಪು ಹಾಕೀರೇನು?"

"ಉಪ್ಪಿಲ್ಲದ ಸಾರು ಹೆಂಗ ಮಾಡ್ತಾರ್ರಿ?"

"ಹಂಗಾದ್ರ ನನಗ ಬ್ಯಾಡ."

ಅವನು ತನ್ನ ಗಂಟು ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದ. ಬಂದಾಗಿನಿಂದ ಇದೇ ಊಟ. ಮಲಗುವುದಕ್ಕೂ ಮೆತ್ತನೆಯ ಹಾಸಿಗೆ ಬಿಟ್ಟು ನೆಲದ ಮೇಲೆ ತನ್ನ ಕಂಬಳಿ. ಪೋರ್ತುಗೀಜರು ಗೋವಾ ಬಿಟ್ಟು ಹೋಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅವರ ದೊಡ್ಡ ಅಧಿಕಾರಿಯೊಬ್ಬನದಾಗಿದ್ದ ಈ ಬಂಗಲೆ ಈಗ ದುಡ್ಡಿದ್ದವರ ಹೋಟೆಲಾಗಿತ್ತು. ತೆಂಗಿನ ನೆರಳು, ಆರಾಮ ಕುರ್ಚಿ, ಕಾಲ ಬುಡದಲ್ಲೇ ಸಮುದ್ರ. ಕರಿಬಸಪ್ಪ ಸಮುದ್ರಕ್ಕೂ ಬೆನ್ನು ಹಾಕಿ ಕೂತಿದ್ದ.

ಸಿಟ್ಟು ಬರದೆ ಏನು ಮಾಡೀತು? ದಾಂಡೇಲಿಯ ಆ ಕಟ್ಟಿಗೆ ಗುತ್ತಿಗೆಯ ಸಾಹುಕಾರನ ಮಗ ಕುಡಿದು ಲಾರಿ ಹೊಡೆದು, ಹಳಿಯಾಳ ರಸ್ತೆಯಲ್ಲಿ ಬಿದಿರು ಕಡಿಯುವ ಯಲ್ಲಪ್ಪನ ಮೇಲೆ ಹಾಯಿಸಿದ. ಯಲ್ಲಪ್ಪ ಅಲ್ಲೇ ಸತ್ತ. ಲಾರಿಯ ಡ್ರೈವರ್ ಹಾಶಿಮ ಪಕ್ಕದ ಸೀಟಿನಲ್ಲಿ ಕೂತಿದ್ದ. ಪೊಲೀಸರು ಬರುವುದರೊಳಗೆ ಮಗ ಮನೆ ಸೇರಿದ, ತಪ್ಪು ಹಾಶಿಮನ ತಲೆಗೆ ಬಂತು. ಆಗ ಎದುರಿಗೆ ಬರುತ್ತಿದ್ದದ್ದು ಒಂದೇ ಒಂದು ಎತ್ತಿನ ಗಾಡಿ. ಗಾಡಿ ತೇರಗಾಂವದ ಕರಿಬಸಪ್ಪನದು. ಎತ್ತುಗಳೂ ಅವನವೇ. ಪೊಲೀಸರ ಕಾಗದದಲ್ಲಿ ಸಾಕ್ಷಿಯ ಹೆಸರೂ ಅದೇ.

ಹಾಶಿಮನ ಹೆಂಡತಿ ದಿಲಶಾದ ಕೂಸನ್ನು ಸೊಂಟಕ್ಕೇರಿಸಿಕೊಂಡು ತೇರಗಾಂವದವರೆಗೆ ಬಂದಿದ್ದಳು. ಕಟ್ಟೆಯ ಮೇಲೆ ಕೂತು, "ಸುಳ್ಳ ಹೇಳ್ರಿ ಅನ್ನೂದಿಲ್ಲ ಅಜ್ಜಾರ, ಕಂಡಿದ್ದ ಹೇಳಿದ್ರ ಸಾಕು," ಎಂದು ಕಣ್ಣೊರೆಸಿಕೊಂಡಿದ್ದಳು.

"ಈ ಮನಿ ಮಾತ ತಪ್ಪೂದಿಲ್ಲವಾ, ಹೋಗು," ಎಂದಿದ್ದ ಕರಿಬಸಪ್ಪ.

ಅದಾಗಿ ಸ್ವಲ್ಪ ದಿನಕ್ಕೆ ಮನೆಯೆದುರು ಶೇಖಪ್ಪನ ಜೀಪು ನಿಂತಿತು. ಅವನು ಬೆಳಗಾವಿ ಕಡೆಯವನು, ಸಾಹುಕಾರನ ಹತ್ತಿರ ಹೊಸದಾಗಿ ಸೇರಿದವನು. ಅಂಗಳ ಗುಡಿಸುತ್ತಿದ್ದ ಸೊಸೆ ಶಿವಗಂಗವ್ವನನ್ನು, "ಗಾಡಿ ಕರಿಬಸಪ್ಪ ಅಂದ್ರ ಯಾರವಾ?" ಎಂದು ಕೇಳಿದ. ಮಾವನ ಹೆಸರು ಬಾಯಲ್ಲಿ ಆಡುವ ಸೊಸೆ ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವಳು ಸೆರಗು ಹೊದ್ದು, ಕಟ್ಟೆಯ ಮೇಲೆ ಕೂತವನ ಕಡೆಗೆ ಗದ್ದದಿಂದ ತೋರಿಸಿದಳು. ಹಿತ್ತಲಲ್ಲಿದ್ದ ಮಗನಿಗೆ, "ಅಜ್ಜಪ್ಪಾ, ಎತ್ತಿಗೆ ನೀರ ಕುಡಸಪಾ," ಎಂದು ಕೂಗಿ ಒಳಗೆ ಹೋದಳು.

"ಅಜ್ಜಾರ, ಸಮುದ್ರ ನೋಡೀರೇನು? ಸಾಹುಕಾರ್ರು ನಿಮ್ಮನ್ನ ಕರಕೊಂಡ ಹೋಗು ಅಂದಾರ," ಎಂದ ಶೇಖಪ್ಪ.

ಕರಿಬಸಪ್ಪನಿಗೆ ಎಲ್ಲವೂ ತಿಳಿಯಿತು. ಬಾಯಿಗೆ ತುತ್ತು ತುರುಕಿ ಮಾತು ನಿಲ್ಲಿಸಲು ಬಂದಿದ್ದಾರೆ. ಒಂದು ಊಟಕ್ಕೆ ತೇರಗಾಂವದವರು ಮಾರಾಟಕ್ಕಿದ್ದಾರೆ ಎಂದುಕೊಂಡಿದ್ದಾರೆ. ಬಾರುಕೋಲು ತೆಗೆದುಕೊಂಡು ಬೆನ್ನ ಚರ್ಮ ಸುಲಿಯಬೇಕೆನಿಸಿತು. ಹಲ್ಲು ಕಚ್ಚಿ, "ಬರ್ತೇನಿ ನಡಿ," ಎಂದ. ಜೀಪು ಹತ್ತುವಾಗ ಹಿತ್ತಲ ಕಡೆಗೆ ಕೂಗಿ ಹೇಳಿದ್ದು ಒಂದೇ ಮಾತು: "ಗುರುವಾರ ಹಳಿಯಾಳಕ್ಕ ಗಾಡಿ ಹೂಡೂದ ಮರೀಬ್ಯಾಡ."

ಇವತ್ತು ಗುರುವಾರ. ಹಳಿಯಾಳದ ಕೋರ್ಟಿನಲ್ಲಿ ಹಾಶಿಮನ ಕೇಸು. ಶೇಖಪ್ಪ ಬೆಳಗಿನಿಂದ ಗಡಿಯಾರ ನೋಡುವುದೇ ಕೆಲಸ ಮಾಡಿಕೊಂಡಿದ್ದ. ಜೀಪಿನ ಕೀಲಿ ಅವನ ಕಿಸೆಯಲ್ಲಿತ್ತು.

"ಆ ಹಾಶಿಮನ ಗತಿ ಏನೋ?" ಕರಿಬಸಪ್ಪ ಕೇಳಿದ.

"ಏನಾಕ್ಕೈತ್ರಿ? ಎರಡ ವರ್ಷ ಒಳಗ ಇರ್ತಾನ. ಅಲ್ಲೂ ಊಟ ಪುಕ್ಕಟನ ಅಲ್ಲೇನು?" ಶೇಖಪ್ಪ ಹೊಟ್ಟೆ ಕುಲುಕಿಸಿ ನಕ್ಕ.

ಕರಿಬಸಪ್ಪನ ಮುಷ್ಟಿಯಲ್ಲಿ ರೊಟ್ಟಿ ಪುಡಿಪುಡಿಯಾಯಿತು. ಇಂಥ ಮಾತಾಡುವ ಬಾಯಿಗೆ ಹುಳ ಬೀಳಬಾರದೇ ಎನಿಸಿತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವನ ಅಪ್ಪ ಹೇಳುತ್ತಿದ್ದ. ಸದ್ಯ, ಈ ಮನೆಯಲ್ಲಿ ತಾನು ಉಂಡಿಲ್ಲ. ಅವನು ಪುಡಿಯನ್ನೇ ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಹೊತ್ತು ನೆತ್ತಿಯಿಂದ ಇಳಿಯಿತು. ಶೇಖಪ್ಪ ಮತ್ತೊಮ್ಮೆ ಗಡಿಯಾರ ನೋಡಿ, ಕಾಲು ಚಾಚಿ, ಮೈ ಮುರಿದ.

"ಮುಗೀತ್ರಿ ಅಜ್ಜಾರ. ಇನ್ನ ಬೇಕಾದ್ರ ಊರಿಗೆ ಹೋಗೂಣು. ಇಷ್ಟೊತ್ತಿಗೆ ಕೋರ್ಟಿನ ಪಟ್ಟೇವಾಲಾ ಬಾಗಲದಾಗ ನಿಂತು ಮೂರ ಸಲ ಕೂಗಿರ್ತಾನ, ತೇರಗಾಂವದ ಕರಿಬಸಪ್ಪಾ ಅಂತ. ಓ ಅನ್ನಾವ ಯಾರು?"

ಕರಿಬಸಪ್ಪ ಖಾಲಿಯಾದ ಗಂಟಿನ ಬಟ್ಟೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡ. ಬಂದಾಗಿನಿಂದ ಮೊದಲ ಸಲ ಸಮುದ್ರದ ಕಡೆಗೆ ತಿರುಗಿ ನಿಂತ.

"ನನ್ನ ಮೊಮ್ಮಗ," ಎಂದ. "ಅವತ್ತ ಗಾಡಿ ಹೊಡದಾಂವ ಅವನ. ಅವಂಗ ನನ್ನ ಹೆಸರನ ಇಟ್ಟೇವಿ. ಮಾವನ ಹೆಸರ ಹಿಡದ ಕರೀಬಾರದಂತ ಅವರವ್ವ ಅಜ್ಜಪ್ಪ ಅಂತಾಳ."